ಹದಿನಾಲ್ಕು ಪುಟದ ಯುರೋಪು

2008ರ ಜೂನ್ ತಿಂಗಳ ಒಂದು ಗುರುವಾರ ಬೆಳಿಗ್ಗೆ ಎಂಟೂವರೆಗೆ ತಾರಾನಾಥ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದ. ಪಾಪ, ಅವನು ಮಾಡಿದ್ದು ಅಷ್ಟೇ. ತನ್ನ ಮೇಜಿನ ಪಕ್ಕದ ಸಣ್ಣ ಪ್ರಿಂಟರಿಗೆ ಹೋಗಬೇಕಿದ್ದ ಹದಿನಾಲ್ಕು ಪುಟಗಳು ಮೇಲಧಿಕಾರಿ ಕಾಸ್ಮಿರ್ ಅವರ ಕ್ಯಾಬಿನ್ನಿನ ಬಣ್ಣದ ಪ್ರಿಂಟರಿನಿಂದ ಒಂದೊಂದಾಗಿ ಬೀಳತೊಡಗಿದವು.

ಅದು ಆಸ್ಟ್ರಿಯಾದ ಸಾಲ್ಜ್‌ಬರ್ಗಿನಿಂದ ಗಡಿ ದಾಟಿ ಚೆಕ್ ದೇಶದ ಕ್ರುಮ್ಲೋವ್ ಎಂಬ ಹಳೇ ಊರಿಗೆ ಕಾರಿನಲ್ಲಿ ಹೋಗುವ ದಾರಿ. ಯಾವ ಸರೋವರದ ಹತ್ತಿರ ನಿಲ್ಲಬೇಕು, ಎಲ್ಲಿ ಬಲಕ್ಕೆ ತಿರುಗಬೇಕು, ಯಾವ ಹಳ್ಳಿಯಲ್ಲಿ ಬುತ್ತಿ ಬಿಚ್ಚಿದರೆ ನೆರಳು ಸಿಗುತ್ತದೆ, ಎಲ್ಲ ಅದರಲ್ಲಿತ್ತು. ನಾಲ್ಕು ತಿಂಗಳು ಇಂಟರ್‌ನೆಟ್ಟಿನಲ್ಲಿ ಕಣ್ಣು ಹಾಳುಮಾಡಿಕೊಂಡು ತಯಾರಿಸಿದ್ದು. ಕಳೆದ ಚಳಿಗಾಲದಿಂದ ಆ ಗಡಿಯಲ್ಲಿ ತಡೆದು ಕೇಳುವವರೇ ಇಲ್ಲವಂತೆ, ಎರಡು ದೇಶಕ್ಕೂ ಒಂದೇ ವೀಸಾ ಸಾಕಂತೆ. ದೇಶದ ಹೊರಗೆ ಕಾಲಿಡಲು ಕಂಪನಿಯ ಪರವಾನಗಿ ಬೇಕಾದ ಗಲ್ಫಿನ ದೋಹಾದಲ್ಲಿ ಕೂತು ಇದನ್ನು ಓದಿದಾಗ ಅವನ ಮೈಯೆಲ್ಲ ಜುಂ ಎಂದಿತ್ತು.

ಮದುವೆಯಾಗಿ ಹನ್ನೊಂದು ವರ್ಷ, ಹನ್ನೊಂದು ರಜೆಯೂ ಊರಿಗೇ. ಯಾರದೋ ಮದುವೆ, ಯಾರದೋ ಗೃಹಪ್ರವೇಶ, ಯಾರದೋ ಸೀಮಂತ. ಒಂದು ದಿನ ಹೆಂಡತಿ ಅಪ್ಪಿ ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಮೇಲೆ ಕ್ರುಮ್ಲೋವಿನ ಚಿತ್ರ ನೋಡಿ, "ಒಮ್ಮೆ ಇಲ್ಲಿಗೆ ನಾವಿಬ್ಬರೇ ಹೋಗುವನಾ?" ಎಂದಿದ್ದಳು. ಇಷ್ಟು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ.

'ಇಬ್ಬರೇ' ಎನ್ನುವುದು ಮುಖ್ಯ. ಹಿಂದಿನ ವರ್ಷ ಇಬ್ಬರೇ ಸಮುದ್ರತೀರಕ್ಕೆ ಹೊರಟಿದ್ದರು. ತಾರಾನಾಥ ಆಫೀಸಿನಲ್ಲಿ ಬಾಯಿತಪ್ಪಿ ಹೇಳಿದ. ಕೊನೆಗೆ ಹದಿನೇಳು ಜನ, ಎರಡು ಹಂಡೆ ಬಿರಿಯಾನಿ ಸಮೇತ ಹೊರಟಿತು ಸವಾರಿ. ಅಪ್ಪಿ ಸಂಜೆಯವರೆಗೆ ಪ್ಲೇಟು ಹಂಚಿದಳೇ ಹೊರತು ಸಮುದ್ರದ ಕಡೆ ತಿರುಗಿಯೂ ನೋಡಲಿಲ್ಲ.

ಅವನು ಓಡೋಡಿ ಕ್ಯಾಬಿನ್ ಸೇರುವಷ್ಟರಲ್ಲಿ ಕಾಸ್ಮಿರ್ ಒಂಬತ್ತನೇ ಪುಟ ಓದುತ್ತಿದ್ದರು. ಅವರ ಭುಜದ ಮೇಲಿಂದ ಇಣುಕುತ್ತಿದ್ದವನು ಆಲ್ಬರ್ಟ್. ಆಫೀಸಿನಲ್ಲಿ ಪಕ್ಕದ ಮೇಜು, ಐನ್ ಖಾಲಿದ್ ಬಡಾವಣೆಯಲ್ಲಿ ಪಕ್ಕದ ಮನೆ.

"ಹೇಳಲೇ ಇಲ್ಲ ಮಾರಾಯ! ಯಾವಾಗ ಹೋಗುವುದು ನಾವು?" ಎಂದ ಆಲ್ಬರ್ಟ್.

'ನಾವು' ಎಂಬ ಮಾತು ಕೇಳಿದ್ದೇ ತಾರಾನಾಥನ ಕಣ್ಣೆದುರು ಎರಡು ಹಂಡೆ ಬಿರಿಯಾನಿ ಬಂದು ಕೂತಿತು.

"ಛೆ ಛೆ, ಎಂತ ಯುರೋಪು! ನಾವು ಯಾವಾಗಿನ ಹಾಗೆ ಊರಿಗೇ. ಇದು ಸುಮ್ಮನೆ ಟೈಂಪಾಸಿಗೆ ಮಾಡಿದ್ದು. ಕೆಲವರು ಪದಬಂಧ ಬಿಡಿಸುದಿಲ್ವಾ, ಹಾಗೆ."

"ಆದ್ರೂ ದಾರಿ ಭಾರೀ ಚೆಂದ ಉಂಟಲ್ಲ?"

"ಚೆಂದ ಎಂತದು! ಬರೀ ತಿರುವು. ನೂಲು ಹಿಡಿದ ಹಾಗಿರುವ ಇಲ್ಲಿಯ ದುಖಾನ್ ರಸ್ತೆಯಲ್ಲೇ ನಿನ್ನ ಹೆಂಡತಿ ಅಗಾತಾಗೆ ವಾಂತಿ. ಅಲ್ಲಿ ಕೇಳ್ಬೇಡ."

"ಬೇರೆ ದಾರಿ ಇಲ್ವಾ?"

'ಇಲ್ಲ' ಎಂದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಾಲ್ಕು ತಿಂಗಳ ವಿದ್ಯೆ ಗಂಟಲಲ್ಲಿ ನಿಲ್ಲಬೇಕಲ್ಲ! "ಇಲ್ಲದೆ ಎಂತ? ಲಿಂಜ್ ಕಡೆಯಿಂದ ಹೋದ್ರೆ ತಿರುವೇ ಕಡಿಮೆ. ಏಳನೇ ಪುಟ ನೋಡು" ಎಂದುಬಿಟ್ಟ.

"ಊಟಕ್ಕೆ ಹೇಗೆ ತಾರಾನಾಥ್?" ಎಂದರು ಕಾಸ್ಮಿರ್.

"ಊಟ ಮಾಫಿ ಸರ್, ಇಲ್ಲವೇ ಇಲ್ಲ! ಮೂರು ಹೊತ್ತೂ ಒಣ ಬ್ರೆಡ್ಡು."

"ಅಯ್ಯೋ. ನನ್ನ ಹೆಂಡತಿ ಫ್ರೀಡಾಗೆ ಗಂಜಿ ಇಲ್ಲದಿದ್ರೆ ಆಗುದಿಲ್ಲ."

"ಅಡುಗೆಮನೆ ಇರುವ ರೂಮು ಸಿಗ್ತದೆ ಸರ್, ಹನ್ನೊಂದನೇ ಪುಟದಲ್ಲಿ ಉಂಟು. ಗಂಜಿ ಎಂತ, ಮೀನು ಸಾರೂ ಮಾಡ್ಬಹುದು."

ಹೀಗೆ ಒಂದು ಕೈಯಲ್ಲಿ ಬಾಗಿಲು ಹಾಕುತ್ತ ಇನ್ನೊಂದು ಕೈಯಲ್ಲಿ ತೆರೆಯುತ್ತ ಹೋದ ನಮ್ಮ ತಾರಾನಾಥ. ಹನ್ನೊಂದು ಗಂಟೆಗೆ ಹದಿನಾಲ್ಕು ಪುಟಕ್ಕೂ ಎರಡೆರಡು ಝೆರಾಕ್ಸ್ ಆಗಿತ್ತು. ಆದರೂ ಅವನಿಗೆ ಸಮಾಧಾನವೇ. ತಾನು ಹೋಗುವುದಿಲ್ಲವೆಂದ ಮೇಲೆ ಜೊತೆಗೆ ಬರುತ್ತೇವೆಂದು ಯಾರೂ ಗಂಟುಬೀಳುವುದಿಲ್ಲವಲ್ಲ.

ಅವನ ನಿಜವಾದ ರಜೆ ಫಾರಂ ಡ್ರಾಯರಿನಲ್ಲಿತ್ತು: ಆಗಸ್ಟ್ ಒಂಬತ್ತರಿಂದ ಹದಿನೇಳು. ಆಗಸ್ಟ್ ರಜೆ ಕೇಳಲು ಇವತ್ತೇ ಕೊನೇ ದಿನ. ಅವರ ವಿಭಾಗದಲ್ಲಿ ಕಾಸ್ಮಿರ್ ಸೇರಿ ಇದ್ದದ್ದೇ ಮೂವರು, ಒಬ್ಬರಾದರೂ ಕೆಲಸದಲ್ಲಿರಬೇಕು. ಹಾಗಾಗಿ 'ನಾನು ಬದಲಿಗೆ ಇರುತ್ತೇನೆ' ಎಂದು ಇನ್ನೊಬ್ಬರು ಸಹಿ ಹಾಕದೆ ಯಾರ ಫಾರಮ್ಮೂ ಮುಂದೆ ಹೋಗುತ್ತಿರಲಿಲ್ಲ.

ಹನ್ನೆರಡಕ್ಕೆ ಆಲ್ಬರ್ಟನೇ ಎರಡು ಫಾರಂ ಹಿಡಿದು ಬಂದ. "ನಂದೊಂದು, ಕಾಸ್ಮಿರ್ ಸರ್‌ದೊಂದು. ಬದಲಿಗೆ ನೀನು ಸಹಿ ಹಾಕು ಮಾರಾಯ. ನಿಂದಕ್ಕೆ ನಾನು ಹಾಕ್ತೇನೆ."

ದೇವರೇ ಬಾಗಿಲಿಗೆ ಬಂದಂತಾಯಿತು. ತಾರೀಖಿನ ಜಾಗ ಖಾಲಿ ಇತ್ತು. ಆ ಆಫೀಸಿನಲ್ಲಿ ಖಾಲಿ ಫಾರಮ್ಮಿಗೆ ಸಹಿ ಹಾಕುವುದು ಹೊಸದೇನಲ್ಲ. ತಾರಾನಾಥ ಎರಡಕ್ಕೂ ಸಹಿ ಎಳೆದ, ತನ್ನದಕ್ಕೆ ಆಲ್ಬರ್ಟನ ಸಹಿ ಹಾಕಿಸಿಕೊಂಡ. ಇಬ್ಬರೂ ಒಬ್ಬರದನ್ನೊಬ್ಬರು ಓದಲಿಲ್ಲ.

ಮೂರು ಗಂಟೆಗೆ ರಜೆ ನೋಡಿಕೊಳ್ಳುವ ಸೆಲೆಸ್ಟಿನ್ ಅವನ ಫಾರಂ ತಿರುಗಿಸಿ ಕೊಟ್ಟಳು. "ಇದು ಆಗುದಿಲ್ಲ ತಾರಾನಾಥ್. ಒಂಬತ್ತರಿಂದ ಹದಿನೇಳು ಕಾಸ್ಮಿರ್ ಸರ್ ಇಲ್ಲ, ಆಲ್ಬರ್ಟ್ ಇಲ್ಲ. ಇಬ್ಬರಿಗೂ ಬದಲಿ ನೀವೇ."

"ಅವರು ಎಲ್ಲಿಗೆ ಹೋಗುದು?"

"ಗೊತ್ತಿಲ್ವಾ? ಯುರೋಪಿಗೆ! ದಾರಿ ನೀವೇ ಮಾಡಿ ಕೊಟ್ಟದ್ದಂತೆ. ಹೋಟೆಲು ಖಾಲಿ ಇರುವ ತಾರೀಖೂ ನೀವೇ ಬರೆದಿದ್ರಂತೆ. ಇಷ್ಟು ಒಳ್ಳೆಯವರು ಸಿಗುದಿಲ್ಲ ಮಾರಾಯ್ರೆ ಈ ಕಾಲದಲ್ಲಿ."

ತಾರಾನಾಥ ಕ್ಯಾಬಿನ್ನಿಗೆ ನುಗ್ಗಿದ. "ಸರ್, ಅದು ನನ್ನ..."

"ಬನ್ನಿ ಬನ್ನಿ!" ಕಾಸ್ಮಿರ್ ಎದ್ದು ಕೈ ಕುಲುಕಿದರು. "ದೊಡ್ಡ ಮ್ಯಾನೇಜರ್ ಈಗಷ್ಟೇ ಸಹಿ ಹಾಕಿದ್ರು, ಖಲಾಸ್! ಊರಿಗೆ ನೀವು ಸೆಪ್ಟೆಂಬರಲ್ಲಿ ಹೋಗಿ. ಊರು ಎಲ್ಲಿಗೂ ಓಡಿ ಹೋಗುದಿಲ್ಲ."

ಬೆಳಿಗ್ಗೆ ಹೇಳಿದ್ದು ಸುಳ್ಳು ಎನ್ನಬೇಕು, ಇಲ್ಲವೇ ಬಾಯಿ ಮುಚ್ಚಿಕೊಂಡಿರಬೇಕು. ನಿಮ್ಮನ್ನು ದೂರ ಇಡಲು ಸುಳ್ಳು ಹೇಳಿದೆ ಎಂದು ಮೇಲಧಿಕಾರಿಯ ಮುಖಕ್ಕೆ ಹೇಳುವುದು ಹೇಗೆ? ಅವನು "ಆಯ್ತು ಸರ್" ಎಂದು ಹೊರಗೆ ಬಂದ. ಅಳುವೇ ಬರುತ್ತಿತ್ತು.

ಸಂಜೆ ಮನೆಗೆ ಬರುವಾಗ ಪ್ರತಿ ಸಿಗ್ನಲ್ಲಿನಲ್ಲೂ ಅಪ್ಪಿಗೆ ಹೇಳಬೇಕಾದ ಮಾತು ಅಭ್ಯಾಸ ಮಾಡಿದ. ಬಾಗಿಲು ತೆರೆದರೆ ಒಳಗೆ ನಗು. ಸೋಫಾದಲ್ಲಿ ಆಲ್ಬರ್ಟನ ಹೆಂಡತಿ ಅಗಾತಾ ಕೂತಿದ್ದಳು.

"ತಾರಾನಾಥಣ್ಣ, ದೇವರು ನಿಮಗೆ ಒಳ್ಳೇದು ಮಾಡ್ಲಿ!" ಎಂದಳು ಅವಳು. "ವ್ಯಾನಿಗೆ ಏಳು ಸೀಟು. ನಾವು ಮಕ್ಕಳ ಸಮೇತ ನಾಲ್ವರು, ಕಾಸ್ಮಿರ್ ಸರ್ ಮತ್ತೆ ಫ್ರೀಡಾ. ಒಂದು ಖಾಲಿ. ಅಪ್ಪಿಯೂ ಬರ್ಲಿ ಅಂದೆ."

"ನೀವಿಲ್ಲದೆ ನಾನು ಹೋಗುದಿಲ್ಲ ಅಂತಲೇ ಹೇಳಿದೆ" ಎಂದಳು ಅಪ್ಪಿ. "ಮತ್ತೆ ಆಲ್ಬರ್ಟಣ್ಣ ಫೋನಲ್ಲಿ ಹೇಳಿದ್ರು. ಅವರು ಹೋಗ್ಲಿ ಅಂತ ನೀವು ಬದಲಿಗೆ ಸಹಿ ಹಾಕಿ ಆಫೀಸಲ್ಲೇ ನಿಂತದ್ದಂತೆ. ನನಗೆ ಆಗಲೇ ಗೊತ್ತಾಯ್ತು." ಅವಳ ದನಿ ತೇವವಾಯಿತು. "ಇಬ್ಬರಿಗೂ ರಜೆ ಸಿಗುದು ಕಷ್ಟ ಅಂತ, ನಾನೊಬ್ಬಳಾದ್ರೂ ಆ ಊರು ನೋಡ್ಲಿ ಅಂತಲ್ವಾ ನೀವು ಇದೆಲ್ಲ ಮಾಡಿದ್ದು?"

ಅಲ್ಲ, ಅಲ್ಲವೇ ಅಲ್ಲ ಎಂದು ಕೂಗಬೇಕೆನಿಸಿತು ತಾರಾನಾಥನಿಗೆ. ಆದರೆ ಹನ್ನೊಂದು ವರ್ಷದಲ್ಲಿ ಅಪ್ಪಿ ಅವನನ್ನು ಹೀಗೆ ನೋಡಿದ್ದಿಲ್ಲ.

"ಹೂಂ" ಎಂದ. "ಹೋಗಿ ಬಾ."

"ಎಂಥ ಗಂಡ ಮಾರಾಯ್ತಿ ನಿನಗೆ!" ಎಂದು ಅಗಾತಾ ಕಣ್ಣೊರೆಸಿಕೊಂಡಳು.

ಅಪ್ಪಿ ಹತ್ತಿರ ಬಂದು ಮೆಲ್ಲನೆ ಕೇಳಿದಳು, "ಅಷ್ಟು ದಿನ ಫೋನ್ ಕೈಯಲ್ಲೇ ಇಟ್ಟುಕೊಳ್ತೀರಲ್ವಾ?"

ತಾರಾನಾಥನ ಎದೆ ತುಂಬಿ ಬಂತು. "ಇಟ್ಟುಕೊಳ್ತೇನೆ. ದಿನಾ ಮಾತಾಡುವ."

"ಹಾಗಲ್ಲ" ಎಂದಳು ಅಪ್ಪಿ. "ವ್ಯಾನಿನವರಿಗೆ ದಾರಿ ತಪ್ಪಿದ್ರೆ ಕೇಳ್ಲಿಕ್ಕೆ ಬೇಕಲ್ಲ."