ಡ್ಯೂಟಿ ಪಟ್ಟಿಯ ಮೊದಲ ಹೆಸರು

ಹೊಸದಾಗಿ ಏನನ್ನಾದರೂ ಕಲಿತವನ ಹತ್ತಿರ ಒಂದು ತಿಂಗಳು ಯಾರೂ ಸುಳಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆ ನನ್ನ ಹತ್ತಿರ ಸುಳಿದು ಕೆಟ್ಟವರ ಕ್ಷಮೆಯನ್ನು ಈಗ ಕೇಳುತ್ತೇನೆ. ಹೊಳೆನರಸೀಪುರದ ನಮ್ಮ ಕಾಲೇಜಿಗೆ ಮೊದಲ ಕಂಪ್ಯೂಟರುಗಳು ಬಂದಾಗ, ಗಣಿತದ ಮೇಷ್ಟ್ರು ಎಂಬ ಒಂದೇ ಕಾರಣಕ್ಕೆ ನನ್ನನ್ನು ಹತ್ತು ದಿನದ ತರಬೇತಿಗೆ ಹಾಸನಕ್ಕೆ ಕಳಿಸಿದರು. ವೇರಿಯಬಲ್ ಅಂದರೆ ಹೆಸರಿನ ಚೀಟಿ ಅಂಟಿಸಿದ ಅಡುಗೆಮನೆಯ ಡಬ್ಬಿ, ಲಿಸ್ಟ್ ಅಂದರೆ ಸಾಲಾಗಿ ಜೋಡಿಸಿದ ಡಬ್ಬಿಗಳು, ಲೂಪ್ ಅಂದರೆ ಸಾಕು ಅನ್ನುವ ತನಕ ಅದೇ ಕೆಲಸ. ಇಷ್ಟು ತಿಳಿದದ್ದೇ ತಡ, ‘ಹಾಲು ಉಕ್ಕಿದರೆ ಇಳಿಸು, ಇಲ್ಲದಿದ್ದರೆ ಕಾಯುತ್ತಿರು’ ಎಂದು ಹೆಂಡತಿಗೆ ಕಂಡಿಷನ್ನಿನ ಪಾಠ ಮಾಡಿದೆ. ‘ಇಪ್ಪತ್ತು ವರ್ಷದಿಂದ ಅದನ್ನೇ ಮಾಡ್ತಿದೀನಿ, ನೀವೆದ್ದು ಸ್ನಾನಕ್ಕೆ ಹೋಗಿ’ ಎಂದಳು.

ಅದೇ ಹುಮ್ಮಸ್ಸಿನಲ್ಲಿ ಪರೀಕ್ಷೆಯ ಮೇಲ್ವಿಚಾರಣೆಯ ಡ್ಯೂಟಿ ಪಟ್ಟಿಗೆ ನಾನೇ ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮು, ಬರೆದೆ. ಹದಿನಾಲ್ಕು ಅಧ್ಯಾಪಕರು, ಅಕಾರಾದಿಯಾಗಿ. ಮಷೀನು ಮಾಡಿದ್ದರಲ್ಲಿ ತಪ್ಪೆಲ್ಲಿಂದ ಬರಬೇಕು ಎಂದುಕೊಂಡು, ಓದಿಯೂ ನೋಡದೆ ನೋಟಿಸ್ ಬೋರ್ಡಿಗೆ ಹಚ್ಚಿಸಿದೆ. ಒಬ್ಬರನ್ನು ಬಿಟ್ಟು ಎಲ್ಲರಿಗೂ ಡ್ಯೂಟಿ ಬಿದ್ದಿತ್ತು. ಆ ಒಬ್ಬ ಅನಂತರಾಮಯ್ಯ, ಅಂದರೆ ನಾನು.

‘ನಿಮಗೆ ಅನುಕೂಲವಾದ ಪ್ರೋಗ್ರಾಮನ್ನೇ ಬರೆದಿದೀರಿ ಸ್ವಾಮಿ’ ಎಂದು ಇತಿಹಾಸದ ನಂಜುಂಡಪ್ಪನವರು ಎಲ್ಲರೆದುರು ಅಂದಾಗ ನಿಜವಾಗಿ ನೊಂದೆ. ಇಡೀ ಸರ್ವೀಸಿನಲ್ಲಿ ಒಂದು ದಿನವೂ ಡ್ಯೂಟಿ ತಪ್ಪಿಸಿಕೊಂಡವನಲ್ಲ ನಾನು. ಪ್ರಿನ್ಸಿಪಾಲರೂ ಕನ್ನಡಕದ ಮೇಲಿಂದ ನನ್ನನ್ನೇ ನೋಡುತ್ತಿದ್ದರು. ‘ಬೇರೆ ಯಾವ ಪಟ್ಟಿ ಬೇಕಾದರೂ ಕೊಡಿ, ಇದೇ ಸ್ಕ್ರಿಪ್ಟ್ ಓಡಿಸುತ್ತೇನೆ’ ಎಂದೆ. ನಿವೃತ್ತಿಗೆ ಹತ್ತಿರವಿದ್ದ ಅಟೆಂಡರ್ ರಂಗಪ್ಪ ಗೌರಿಯಿಂದ ಶುರುಮಾಡಿ ತನ್ನ ನಾಲ್ಕು ಹಸುಗಳ ಹೆಸರು ಹೇಳಿದ. ಪರದೆಯ ಮೇಲೆ ಮೂರೇ ಬಂದವು.

‘ನಮ್ಮ ಗೌರಿ ಎಲ್ಲೋದ್ಲು ಸಾ?’ ಎಂದ.

ಆಗ ಹೊಳೆಯಿತು. ಮಷೀನು ಡಬ್ಬಿಗಳನ್ನು ಸೊನ್ನೆಯಿಂದ ಎಣಿಸುತ್ತದೆ. ನಾನು ಅಭ್ಯಾಸಬಲದಿಂದ ಒಂದರಿಂದ ಶುರು ಮಾಡಿದ್ದೆ. ಮೊದಲ ಡಬ್ಬಿಯ ಮುಚ್ಚಳವನ್ನೇ ತೆಗೆದಿರಲಿಲ್ಲ. ಎಷ್ಟು ವಿವರಿಸಿದರೂ ಯಾರ ಮುಖದಲ್ಲೂ ನಂಬಿಕೆ ಮೂಡಲಿಲ್ಲ. ಕೊನೆಗೆ ರಂಗಪ್ಪನೇ ಕಾಪಾಡಿದ.

‘ರಾಗಿ ಅಳೆಯೋವಾಗ ಮೊದಲ್ನೇ ಸೇರಿಗೆ ಒಂದು ಅಂತೀವಾ? ಲಾಭ ಅಂತೀವಿ, ಆಮೇಲೆ ಎರಡು. ಅಂಗೇ ಈ ಮಿಸನ್ನು ಮೊದಲ್ನೇದಕ್ಕೆ ಸೊನ್ನೆ ಅಂತದೆ. ಮೇಷ್ಟ್ರು ಅದೊಂದ್ನ ಬಿಟ್ಟು ಅಳೆದವ್ರೆ, ಅಷ್ಟೇ ಕಣ್ ಸಾ.’

ಎಲ್ಲರೂ ತಲೆಯಾಡಿಸಿದರು. ನಾನು ಮೋಸಗಾರನಲ್ಲ ಎಂದು ಸಾಬೀತಾಯಿತು. ಹಾಸನದಲ್ಲಿ ಹತ್ತು ದಿನ ಕೂತರೂ ನನ್ನ ತಲೆಗೆ ಹತ್ತದ ಪಾಠ ರಂಗಪ್ಪನಿಗೆ ಮೊದಲೇ ಗೊತ್ತಿತ್ತು ಎಂಬುದೂ ಸಾಬೀತಾಯಿತು. ಪ್ರಿನ್ಸಿಪಾಲರು ಪೆನ್ನು ತೆಗೆದು, ಪರೀಕ್ಷೆಯ ಅಷ್ಟೂ ದಿನಗಳಿಗೆ ಮೊದಲ ಹೆಸರಾಗಿ ನನ್ನದನ್ನೇ ಬರೆದರು. ‘ಲೂಪು ಅಂದ್ರೆ ಹೀಗೇ ಅಲ್ವೇ ಮೇಷ್ಟ್ರೇ?’ ಎಂದು ಕೇಳಿದರು. ಎಲ್ಲಿ ನಿಲ್ಲಬೇಕು ಅಂತಲೂ ಹೇಳಬೇಕಾಗುತ್ತದೆ ಸಾರ್ ಎನ್ನಲು ಬಾಯಿ ತೆರೆದೆ. ರಂಗಪ್ಪ ನನ್ನನ್ನೇ ನೋಡುತ್ತಿದ್ದ. ಪಾಠವನ್ನು ಅಲ್ಲಿಗೇ ನಿಲ್ಲಿಸಿದೆ.