ಕಾರಿನ ಹೊಸ್ತಿಲು ಕೊಯ್ದಾಗ

ಹಳೇ ಕಾರೊಂದು ರಿಪೇರಿಗೆ ಬಂತು ಅಂದ್ರೆ ಅದರ ಹಿಂದೆ ಒಂದು ಸಂಸಾರವೇ ಶೆಡ್ಡಿಗೆ ಬಂತು ಅಂತ ಅರ್ಥ. ಸಕಲೇಶಪುರದಲ್ಲಿ ನಮ್ಮ ಟಿಂಕರಿಂಗ್ ಶೆಡ್ಡು ಅಪ್ಪನ ಕಾಲದ್ದು. ತಗಡು ಕೊಯ್ಯೋದು, ಬಡಿಯೋದು, ವೆಲ್ಡಿಂಗ್ ಮಾಡೋದು ನಮ್ಮ ಕಸುಬು. ಕೊಯ್ಯೋವರೆಗೂ ಒಳಗೆ ಏನೈತೆ ಅಂತ ಗೊತ್ತಾಗಲ್ಲ. ಈ ವಯಸ್ಸಿನಲ್ಲೂ ನಾನು ದಿನಾ ಬೆಳಗ್ಗೆ ಶೆಡ್ಡಿನ ಬಾಗಿಲು ತೆಗೆಯೋದು ಆ ಒಂದು ಕುತೂಹಲಕ್ಕೇ.

ಹೋದ ಬೇಸಿಗೆಯಲ್ಲಿ ಹಾನುಬಾಳಿನ ಕಡೆಯಿಂದ ಒಂದು ಕಾರು ಬಂತು. ಎರಡೇ ಬಾಗಿಲಿನದು, ದುಂಡು ಬೆನ್ನಿನದು. ಓಡಿಸಿಕೊಂಡು ಬಂದವರು ಎಸ್ಟೇಟಿನ ಅಮ್ಮೋರು. ಎಪ್ಪತ್ತು ದಾಟಿದವರು, ಯಜಮಾನರು ಹೋದ ಮೇಲೆ ತೋಟವನ್ನೂ ಕಾರನ್ನೂ ತಾವೇ ನಡೆಸ್ತಿದ್ದವರು. ಮದುವೆಯಾದ ಹೊಸದರಲ್ಲಿ ಕಾಫಿ ಕಣದ ಮೇಲೆ ಇದೇ ಕಾರಿನಲ್ಲಿ ಡ್ರೈವಿಂಗ್ ಕಲಿತರಂತೆ. ಈಗ ಕಾರಿಗೆ ಮತ್ತೆ ರಿಜಿಸ್ಟ್ರೇಷನ್ ಆಗಬೇಕು. ಆರ್‌ಟಿಓ ತಪಾಸಣೆಯಲ್ಲಿ ಫೇಲಾದ್ರೆ ಗುಜರಿಗೆ. ಹಾಸನದಲ್ಲಿದ್ದ ಅವರ ತಮ್ಮ ಆಗಲೇ ಗುಜರಿಯವನ ಹತ್ರ ಮಾತಾಡಿಟ್ಟಿದ್ರು.

ಸ್ಕ್ರೂಡ್ರೈವರ್

ಬಾಗಿಲಿನ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೂ ಉದ್ದಕ್ಕೆ ಒಂದು ತಗಡಿನ ಪಟ್ಟಿ ಇರುತ್ತೆ, ಒಳಗೆ ಪೊಳ್ಳು. ನಾವು ಅದಕ್ಕೆ ಹೊಸ್ತಿಲು ಅಂತೀವಿ. ಕಾರಿನ ನಡು ನಿಂತಿರೋದೇ ಅದರ ಮೇಲೆ. ಮಳೆಗಾಲದಲ್ಲಿ ಎಸ್ಟೇಟ್ ರಸ್ತೆಯ ಕೆಸರು ಒಳಗೆ ಸೇರಿಕೊಂಡರೆ ತುಕ್ಕು ಒಳಗಿನಿಂದಲೇ ತಿನ್ನುತ್ತಾ ಬರುತ್ತೆ. ಮೇಲಿನ ಬಣ್ಣ ಮಾತ್ರ ಮರ್ಯಾದೆಗೆ ನಿಂತಿರುತ್ತೆ.

ಅಮ್ಮೋರು ಎಲ್ಲೋ ಸ್ವಲ್ಪ ಬಣ್ಣ ಉಬ್ಬೈತೆ ಅಷ್ಟೇ ಅಂದ್ರು. ನಾನು ಸ್ಕ್ರೂಡ್ರೈವರ್ ತಗೊಂಡು ಬಲಗಡೆ ಹೊಸ್ತಿಲಿಗೆ ಮೆಲ್ಲಗೆ ಒತ್ತಿದೆ. ಹಿಡಿಯವರೆಗೂ ಒಳಗೆ ಹೋಗ್ಬುಡ್ತು. ಬೇರೆ ಯಾರೇ ಆಗಿದ್ರೂ ಎದೆ ಹಿಡ್ಕೋತಿದ್ರು. ಅಮ್ಮೋರು ಮಾತ್ರ ಕನ್ನಡಕ ಸರಿ ಮಾಡ್ಕೊಂಡು, ನನ್ನ ಕೈಯಿಂದ ಸ್ಕ್ರೂಡ್ರೈವರ್ ಇಸ್ಕೊಂಡು, ಅದೇ ಹೊಸ್ತಿಲಿನ ಆ ತುದಿಗೆ ಹೋಗಿ ತಾವೂ ಒಂದು ಕಡೆ ಚುಚ್ಚಿದ್ರು. ಇಲ್ಲೂ ಹೋಗ್ತದೆ ಅಂದ್ರು. ಇನ್ನೊಂದು ಕಡೆ ಚುಚ್ಚಿದ್ರು. ಅಲ್ಲೂ ಹೋಯ್ತು. ಹಲಸಿನ ಹಣ್ಣು ಕಳಿತಾ ಅಂತ ನೋಡೋರ ಹಾಗೆ ಉದ್ದಕ್ಕೂ ಚುಚ್ಚಿಕೊಂಡು ಹೊರಟರು.

ಕೊನೆಗೆ ನಾನು ಕೈ ಮುಗಿದೆ. "ಅಮ್ಮೋರೇ, ಒಂಚೂರು ಉಳಿಸಿ. ಹೊಸ ತಗಡನ್ನ ಯಾವುದಕ್ಕಾದ್ರೂ ಅಂಟಿಸಬೇಕಲ್ಲ."

ಒಳಗೆ ಸಿಕ್ಕಿದ್ದು

ಮಾರನೇ ದಿನದಿಂದ ಅಮ್ಮೋರು ಶೆಡ್ಡಿನಲ್ಲಿ ಕುರ್ಚಿ ಹಾಕ್ಕೊಂಡು ಕೂತ್ಬುಟ್ರು. ಕೊಯ್ಯುವಾಗ ಒಳಗೆ ಏನು ಸಿಗ್ತದೆ ಅಂತ ಅವರಿಗೂ ನೋಡಬೇಕು.

ಬಲಗಡೆ ಹೊಸ್ತಿಲು ಕೊಯ್ದೆ. ಮಣ್ಣು, ಕಾಫಿ ಎಲೆ, ಇಲಿ ಬಚ್ಚಿಟ್ಟ ಕಾಫಿ ಬೀಜ. ಅಲ್ಲೀವರೆಗೂ ಮಾಮೂಲು. ಎಡಗಡೆಗೆ ಗ್ರೈಂಡರ್ ಇಟ್ರೆ ಸದ್ದೇ ಬೇರೆ ಬಂತು, ಬೆಂಕಿ ಕಿಡಿ ಬದಲು ಬರೀ ಬಿಳೀ ಧೂಳು. ತಗಡು ಬಿಡಿಸಿ ನೋಡಿದ್ರೆ ಒಳಗೆಲ್ಲ ಸಿಮೆಂಟು. ಸುಮ್ನೆ ಸುರಿದಿದ್ದಲ್ಲ. ಜಲ್ಲಿ ಹಾಕಿ, ಕಬ್ಬಿಣದ ಸರಳು ಕೊಟ್ಟು, ಮೇಲೆ ಕರಣೆಯಲ್ಲಿ ನುಣ್ಣಗೆ ಸಾರಿಸಿದ್ದು.

ಇಷ್ಟು ವರ್ಷದಲ್ಲಿ ನಾನು ಇಂಥದ್ದು ಕಂಡಿರಲಿಲ್ಲ. ಅಮ್ಮೋರು ಎದ್ದು ಬಂದು ಬಗ್ಗಿ ಮುಟ್ಟಿ ನೋಡಿದ್ರು. ಆಮೇಲೆ ನೆನಪಾಯ್ತು ಅವರಿಗೆ. ಯಜಮಾನರು ಕಾಫಿ ಒಣಗಿಸೋಕೆ ಹೊಸ ಕಣ ಕಟ್ಟಿಸ್ತಿದ್ದಾಗ ಕಾರಿನಲ್ಲಿ ಒಂದು ತೂತು ಬಿದ್ದಿತ್ತಂತೆ. ಪೇಟೆಗೆ ಹೋಗೋದು ಯಾಕೆ, ಇಲ್ಲೇ ಮೇಸ್ತ್ರಿ ಇದ್ದಾನಲ್ಲ ಅಂದಿದ್ರಂತೆ.

ನಾನು ಸುತ್ತಿಗೆ, ಉಳಿ ಹಿಡಿದು ಒಡೆಯೋಕೆ ಕೂತೆ. ಬೆವರು ಹರೀತು, ಜಪ್ಪಯ್ಯ ಅಂದ್ರೂ ಸಿಮೆಂಟು ಜಗ್ಗಲಿಲ್ಲ. ಅಮ್ಮೋರು ತಣ್ಣಗೆ ಅಂದ್ರು: "ಆ ಕಣ ಒಂದೇ ಮಳೆಗೆ ಬಿರುಕು ಬಿಡ್ತು ಸಾಬ್ರೇ. ಒಳ್ಳೇ ಸಿಮೆಂಟು ಎಲ್ಲಿಗೆ ಹೋಯ್ತು ಅಂತ ಇವತ್ತು ಗೊತ್ತಾಯ್ತು."

ಜ್ವರ

ವೆಲ್ಡಿಂಗ್ ಶುರುವಾದಾಗ ಅದನ್ನೂ ಹತ್ತಿರದಿಂದ ನೋಡಬೇಕು ಅಂದ್ರು. ಬರಿಗಣ್ಣಲ್ಲಿ ನೋಡಬಾರದು ಅಂತ ಇನ್ನೊಂದು ಮುಖವಾಡ ಕೊಟ್ಟೆ. ಸೀರೆಗೆ ಕಿಡಿ ಹಾರದಿರಲಿ ಅಂತ ನನ್ನ ಹಳೇ ಖಾಕಿ ಕೋಟೂ ಕೊಟ್ಟೆ. ಎರಡನ್ನೂ ಹಾಕ್ಕೊಂಡು ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತ್ರು.

ಆ ಹೊತ್ತಿಗೆ ಒಂದು ಜೀಪು ಬಂದು ನಿಂತಿತು. ಇಳಿದವನು ದೊಡ್ಡ ದನಿಯಲ್ಲಿ, ಅಮ್ಮೋರ ಬೆನ್ನು ನೋಡಿ, "ಏಯ್ ಮಾರಾಯ, ಅದನ್ನ ಆಮೇಲೆ ನೋಡ್ಕೋ. ನಮ್ದು ಅರ್ಜೆಂಟ್ ಐತೆ, ಬಿಸಿಲೆ ಘಾಟಿಗೆ ಟ್ರಿಪ್ ಹೊರಟಿದೀವಿ" ಅಂದ.

ಅಮ್ಮೋರು ನಿಧಾನವಾಗಿ ಎದ್ದು ಮುಖವಾಡ ಮೇಲೆತ್ತಿದ್ರು. ಜೀಪಿನವನು ಬೇರೆ ಯಾರೂ ಅಲ್ಲ, ಅವರದೇ ತೋಟದಲ್ಲಿ ಆಳುಗಳ ಲೆಕ್ಕ ನೋಡೋ ರೈಟರ್. ಮೈ ಸುಡೋ ಜ್ವರ, ಹಾಸಿಗೆಯಿಂದ ಏಳೋಕಾಗಲ್ಲ ಅಂತ ಬೆಳಗ್ಗೆ ತಾನೇ ಫೋನ್ ಮಾಡಿ ರಜಾ ಹೇಳಿದ್ನಂತೆ.

"ಜ್ವರ ಹೆಂಗೈತೆ?" ಅಂತ ಕೇಳಿದ್ರು ಅಮ್ಮೋರು.

ಅವನು ಜೀಪಿಗೆ ಒರಗಿಕೊಂಡು, "ಈಗ ಬಂತು ಅಮ್ಮೋರೇ" ಅಂದ.

ಒಳಗಿದ್ದವರು

ಬಲಗಡೆ ಮುಗಿದಿತ್ತು. ಎಡಗಡೆ ಸಿಮೆಂಟು ಅಂತೂ ಕಿತ್ತು ತೆಗೆದಾಗಿತ್ತು, ಹೊಸ ಪಟ್ಟಿ ಕೂರಿಸೋದು ಬಾಕಿ ಇತ್ತು. ಹೊಸ್ತಿಲು ಇಲ್ಲದ ಕಾರಿನ ನಡು ಬಾಗುತ್ತೆ ಅಂತ ಕೆಳಗೆ ಜಾಕ್ ಕೊಟ್ಟಿದ್ದೆ. ಆಫೀಸಿನೋರು ವಶೀಲಿಗೂ ಜಾಕ್ ಅಂತಾರೆ, ನಂದು ಬರೀ ಕಬ್ಬಿಣದ್ದು. ಬಾಡಿ ಅಲ್ಲಾಡದ ಹಾಗೆ ಬಲಗಡೆ ಬಾಗಿಲನ್ನ ಪಟ್ಟಿ ಹಾಕಿ ಬಿಗಿದಿದ್ದೆ. ಯಾರೂ ಹತ್ತಬೇಡಿ ಅಂತ ಹೇಳಿ ನಮಾಜಿಗೆ ಹೋದೆ.

ಬರೋವಷ್ಟರಲ್ಲಿ ಹಾಸನದ ತಮ್ಮ ಬಂದಿದ್ರು. ಭಾರೀ ಆಳು. ಇದು ಉಳಿಯೋ ಕಾರೇ ಅಲ್ಲ ಅಂತ ಅಕ್ಕನಿಗೆ ತೋರಿಸೋಕೆ ಎಡಗಡೆಯಿಂದ ಹತ್ತಿ ಕೂತು ಬಾಗಿಲು ಎಳ್ಕೊಂಡಿದಾರೆ. ಜಾಕ್ ಒಂಚೂರು ಕುಸಿದು, ಕಾರಿನ ನಡು ಬಗ್ಗಿ, ಬಾಗಿಲು ಚೌಕಟ್ಟಿಗೆ ಕಚ್ಕೊಂಡ್ಬುಟ್ಟೈತೆ. ಕಿಟಕಿ ಗಾಜು ನಾಲ್ಕು ಬೆರಳು ಇಳೀತು, ಮುಂದೆ ಇಳೀಲಿಲ್ಲ.

ನಾನು ಗಾಬರಿಯಲ್ಲಿ ಜಾಕ್ ಹ್ಯಾಂಡಲ್‌ಗೆ ಕೈ ಹಾಕಿದೆ. ಅಮ್ಮೋರು ತಡೆದ್ರು. ಕುರ್ಚಿ ಎಳ್ಕೊಂಡು ಕಿಟಕಿ ಪಕ್ಕ ಕೂತು, "ಈಗ ಹೇಳಪ್ಪ, ಗುಜರಿಗೆ ಹಾಕಣಾ?" ಅಂದ್ರು. ಇಳಿದ ಮೇಲೆ ಮಾತಾಡೋಣ ಅಂತ ಅವರು. ಇಳಿದ ಮೇಲೆ ನೀನು ಸಿಗಲ್ಲ ಅಂತ ಇವರು. ಅಷ್ಟರಲ್ಲಿ ಬಂದ ಕಾಫಿಯನ್ನ ಆ ನಾಲ್ಕು ಬೆರಳಿನ ಸಂದಿಯಲ್ಲೇ ಕೊಟ್ರು. ಲೋಟ ಖಾಲಿ ಆಗೋ ಹೊತ್ತಿಗೆ ಗುಜರಿ ಬೇಡ ಅಂತ ತಮ್ಮ ಒಪ್ಪಿದ್ರು. ತಪಾಸಣೆಗೂ ತಾನೇ ಜೊತೆಗೆ ಬರ್ತೀನಿ ಅಂತ ಮಾತು ಕೊಟ್ರು. ಆಮೇಲೆ ನಾನು ಜಾಕ್ ಎತ್ತಿದೆ, ಬಾಗಿಲು ಬಿಡ್ತು.

ತಪಾಸಣೆ ದಿನ ಮೂವರೂ ಹೋದ್ವಿ. ಅಧಿಕಾರಿ ಮಂಡಿಯೂರಿ ಹೊಸ್ತಿಲು ತಟ್ಟಿ ನೋಡಿದ್ರು. ಟಣ್ ಅಂತು. ಕಾರು ಪಾಸು ಅಂದ್ರು. ಅಮ್ಮೋರು ಸೆರಗಿನಲ್ಲಿ ಕಣ್ಣು ಒರೆಸಿಕೊಂಡ್ರು.

ದೂರ ನಿಂತಿದ್ದ ತಮ್ಮನನ್ನ ನೋಡಿ ಅಧಿಕಾರಿ, ಕಾರು ನಿಮ್ಮದಾ ಅಂತ ಕೇಳಿದ್ರು.

"ಅಲ್ಲ ಸಾರ್, ಅಕ್ಕಂದು. ನಾನು ಒಂಚೂರು ಹೊತ್ತು ಒಳಗಿದ್ದೆ, ಅಷ್ಟೇ."

ಅಧಿಕಾರಿ ಪೆನ್ನು ನಿಂತಿತು. ಯಾವ ಕೇಸು ಅಂದ್ರು.

"ಗುಜರಿ ವಿಷಯಕ್ಕೆ ಸಾರ್."

ಮತ್ತೆ ಹೊರಗೆ ಹೆಂಗೆ ಬಂದ್ರಿ ಅಂತ ಕೇಳಿದ್ರು. ತಮ್ಮ ನನ್ನ ಕಡೆ ಕೈ ತೋರಿಸಿದ್ರು. "ಇವ್ರೇ ಸಾರ್, ಜಾಕ್ ಹಾಕಿ ಬಿಡಿಸಿದ್ದು."

ಅಧಿಕಾರಿ ನನ್ನ ಗ್ರೀಸ್ ಅಂಗಿಯನ್ನ ಮೇಲಿಂದ ಕೆಳಗೆ ನೋಡಿದ್ರು. ನನ್ನನ್ನ ಪಕ್ಕಕ್ಕೆ ಕರ್ಕೊಂಡು ಹೋಗಿ ಮೆಲ್ಲಗೆ ಅಂದ್ರು: "ಸಾಬ್ರೇ, ನಿಮಗೆ ಅಷ್ಟು ಜಾಕ್ ಐತೆ ಅಂದ್ರೆ, ನಂಗೂ ನಮ್ಮೂರ ಕಡೆಗೆ ಒಂದು ಟ್ರಾನ್ಸ್‌ಫರ್ ಮಾಡಿಸಿಕೊಡಿ."