ಐದು ಗೇರಿನ ಪಾಯಸ

ಕಾರಿನ ಕೆಳಗೆ ಮಲಗಿ ಕೆಲಸ ಮಾಡುವವನಿಗೆ ಮೇಲಿನ ಲೋಕದಲ್ಲಿ ಏನು ನಡೆಯುತ್ತಿದೆ ಎಂದು ಗೊತ್ತಾಗುವುದೇ ಇಲ್ಲ. ಅದಕ್ಕೇ ಇರಬೇಕು, ಅರವತ್ತರ ದಶಕದಲ್ಲಿ ಸಾಗರದಲ್ಲಿ ನನ್ನ ಗ್ಯಾರೇಜು ಇದ್ದಷ್ಟು ದಿನವೂ ಇಂಥ ಎಡವಟ್ಟುಗಳು ಆಗುತ್ತಲೇ ಇದ್ದವು. ಒಂದೇ ಕ್ಲಚ್ಚಿನ ಕೆಲಸದಲ್ಲಿ ಇಷ್ಟೆಲ್ಲ ಆದದ್ದು ಮಾತ್ರ ಒಮ್ಮೆಯೇ.

ಹೊಸನಗರದಲ್ಲಿ ಬಾಡಿಗೆ ಕಾರು ಓಡಿಸುವವರೊಬ್ಬರಿದ್ದರು. ಆ ಊರಿನ ಹೆಣ್ಣುಮಕ್ಕಳನ್ನೆಲ್ಲ ಮದುವೆ ಮುಗಿದ ಮೇಲೆ ಗಂಡನ ಮನೆಗೆ ಮುಟ್ಟಿಸಿದ್ದು ಅವರ ಕಾರೇ. ಈಗ ಅವರ ಮಗಳದೇ ಮದುವೆ. ಉಳಿದದ್ದು ಮೂರೇ ದಿನ, ಕ್ಲಚ್ಚು ತೇದು ಹೋಗಿ ಕಾರು ಏರು ಹತ್ತುತ್ತಿಲ್ಲ.

"ಯಾರ್ಯಾರ್ದೋ ಮಕ್ಕಳನ್ನ ಬಿಟ್ ಬಂದಿದೀನಿ ಮಾರಾಯಾ. ನನ್ ಮಗಳು ಬೇರೆಯವ್ರ ಕಾರಲ್ಲಿ ಹೋಗೋ ಹಾಗ್ ಮಾಡ್ಬೇಡ" ಎಂದರು. ನನಗೂ ಹೆಣ್ಣುಮಗುವಿತ್ತು. ಕೈಲಿದ್ದ ಕೆಲಸ ಬದಿಗಿಟ್ಟು ಅವರ ಕಾರಿನ ಕೆಳಗೆ ನುಗ್ಗಿದೆ.

೧. ಗೇರು

ಕ್ಲಚ್ಚು ಬದಲಿಸಬೇಕಾದರೆ ಮೊದಲು ಗೇರ್ ಬಾಕ್ಸ್ ಕಳಚಿ ಇಳಿಸಬೇಕು. ಇಳಿಸಿದೆ. ಕಾರಿನವರು ಹೊಸನಗರದ ಬಸ್ಸಿನ ಕಂಡಕ್ಟರ್ ಹತ್ತಿರ ಹೆಂಡತಿಗೆ ಹೇಳಿಕಳಿಸಿದರು: "ಗೇರು ಪೆಟ್ಟಿಗೆ ಇಳಿಸಿ ಆಯ್ತು, ನಾಳೆ ಸಂಜೆ ಬರ್ತೀನಿ ಅನ್ನು."

ಮರುದಿನ ಬೆಳಿಗ್ಗೆ ಅದೇ ಕಂಡಕ್ಟರ್ ಗ್ಯಾರೇಜಿಗೆ ಬಂದ. "ಅಮ್ಮೋರು ಕೇಳಿದಾರೆ, ಪೆಟ್ಟಿಗೇಲಿರೋ ಗೇರು ಇಡೀವಾ, ಮುರುಕಲಾ?"

ಕಾರಿನವರು ಚಹಾ ಕುಡಿಯಲು ಹೋಗಿದ್ದರು. ಪಾಪ, ಆ ತಾಯಿಗೂ ಗಾಡಿಯದೇ ಚಿಂತೆ ಎಂದುಕೊಂಡು ನಾನೇ ಕೆಳಗಿನಿಂದ ಕೂಗಿದೆ: "ಎಲ್ಲ ಇಡೀ ಇದಾವೆ ಅನ್ನು. ಒಂದು ಹಲ್ಲೂ ಮುರಿದಿಲ್ಲ!"

"ಒಟ್ಟು ಎಷ್ಟಂತೆ?"

"ಐದು. ಮುಂದಕ್ಕೆ ನಾಲ್ಕು, ಹಿಂದಕ್ಕೆ ಒಂದು."

ನಮ್ಮ ಕಡೆ ಗೇರು ಎಂದರೆ ಗೋಡಂಬಿಯೂ ಹೌದು ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಮದುವೆಯ ಪಾಯಸಕ್ಕೆ ಯಜಮಾನರು ಒಂದು ಪೆಟ್ಟಿಗೆ ಗೇರುಬೀಜ ತರುತ್ತಾರೆಂದು ಅಲ್ಲಿ ಅಡಿಗೆಯವರು ಕಾದು ಕೂತಿದ್ದರು. ಸುದ್ದಿ ಮುಟ್ಟಿದಾಗ ಅವರು ಸೌಟು ಕೆಳಗಿಟ್ಟು ಹೇಳಿದರಂತೆ: "ಮುಂದಿನ ಪಂಕ್ತಿಗೆ ನಾಲ್ಕು, ಹಿಂದಿನ ಪಂಕ್ತಿಗೆ ಒಂದು! ಇವರ ಮನೇಲಿ ನಾ ಹೆಂಗ್ ಬಡಿಸ್ಲಿ?"

೨. ಗಿಳಿ

ಹೊಸ ಕ್ಲಚ್ ಪ್ಲೇಟು ಕೂದಲಷ್ಟು ಓರೆಯಾಗಿ ಕೂತರೂ ಗೇರ್ ಬಾಕ್ಸಿನ ಶಾಫ್ಟು ಅದರ ನಡುವಿನ ತೂತಿಗೆ ಹೋಗುವುದಿಲ್ಲ. ಅದಕ್ಕೆ ಅದೇ ಅಳತೆಯ ಹಳೇ ಶಾಫ್ಟೊಂದನ್ನು ತೂರಿಸಿ, ಪ್ಲೇಟನ್ನು ನೇರಕ್ಕೆ ಹಿಡಿದು ಬೋಲ್ಟು ಬಿಗಿಯಬೇಕು. ನನ್ನ ಹಳೇ ಶಾಫ್ಟನ್ನು ತೀರ್ಥಹಳ್ಳಿಯ ಮೆಕ್ಯಾನಿಕ್ ಒಬ್ಬ ಒಯ್ದವನು ವಾಪಸು ಕೊಟ್ಟಿರಲಿಲ್ಲ. ಗಂಧದ ಕೆತ್ತನೆ ಮಾಡುವ ಗುಡಿಗಾರರೊಬ್ಬರು ನಮ್ಮ ಬೀದಿಯಲ್ಲೇ ಇದ್ದರು. ಅವರಿಗೆ ಅಳತೆ ಕೊಟ್ಟು, ಗಟ್ಟಿ ಮರದಲ್ಲಿ ಒಂದು ಕೋಲು ಮಾಡಿಕೊಡಿ ಎಂದೆ.

ಮಧ್ಯಾಹ್ನ ಬಟ್ಟೆ ಸುತ್ತಿ ತಂದುಕೊಟ್ಟರು. ಬಿಚ್ಚಿದರೆ ಹಿಡಿಯ ಸುತ್ತ ಬಳ್ಳಿ, ಹಿಡಿಯ ತುದಿಗೊಂದು ಗಿಳಿ!

"ಇದು ಕಾರಿನ ಹೊಟ್ಟೆಯೊಳಗೆ ತೂರಿಸೋ ಸಾಮಾನು ಸ್ವಾಮಿ!"

"ಗೊತ್ತು. ಬೋಳು ಕೋಲು ಕೊಡಕ್ಕೆ ಕೈ ಬರಲಿಲ್ಲ" ಎಂದರು ಸಂಕೋಚದಿಂದ. ಅಳತೆ ಮಾತ್ರ ಎಳ್ಳಷ್ಟೂ ತಪ್ಪಿರಲಿಲ್ಲ. ಗಿಳಿಯ ಕತ್ತು ಹಿಡಿದು ಪ್ಲೇಟು ನೇರ ಮಾಡಿದೆ. ಅವರು ಬಗ್ಗಿ ನೋಡುತ್ತಲೇ ಇದ್ದರು. "ಮೆಲ್ಲಗೆ, ಅದರ ಕೊಕ್ಕು ಸೂಕ್ಷ್ಮ!"

೩. ಅಪ್ಪುಗೆ

ಇನ್ನು ಗೇರ್ ಬಾಕ್ಸನ್ನು ಮತ್ತೆ ಕೂರಿಸಬೇಕು. ಅಂಗಾತ ಮಲಗಿ ಎದೆಯ ಮೇಲೆ ಹೊತ್ತುಕೊಂಡು, ತುಸು ಎಡಕ್ಕೆ, ತುಸು ಬಲಕ್ಕೆ ಆಡಿಸುತ್ತಾ ಮೇಲಕ್ಕೆ ನೂಕಿದೆ. ಮದುಮಗಳ ತಂದೆ ಪಕ್ಕದಲ್ಲಿ ಮಲಗಿ ಕೈಜೋಡಿಸಿ, ಕ್ಷಣಕ್ಕೊಮ್ಮೆ "ಹೋಯ್ತಾ?" ಎನ್ನುತ್ತಿದ್ದರು. ನನಗೆ ಅಯ್ಯೋ ಅನಿಸಿ, ಗೇರ್ ಬಾಕ್ಸನ್ನು ಎರಡೂ ತೋಳಲ್ಲಿ ಅಪ್ಪಿ, "ಬಾ ನನ್ನಪ್ಪಾ, ಬಾ ಚಿನ್ನಾ" ಎಂದು ರಮಿಸಿದೆ. ಕಟಕ್ಕೆಂದು ಒಳಗೆ ಕೂತಿತು!

ಊಟಕ್ಕೆ ಕರೆಯಲು ಬಂದ ನನ್ನ ಹೆಂಡತಿ ಬಗ್ಗಿ ನೋಡುತ್ತಿದ್ದಳು. "ಮನೇಲಿ ಮಗು ಎತ್ಕಳಿ ಅಂದ್ರೆ ಸೊಂಟ ನೋವು ಅಂತೀರಿ."

೪. ದಿಬ್ಬಣ

ಮದುವೆಗೆ ನನ್ನನ್ನೂ ಕರೆದಿದ್ದರು. ಪಾಯಸದಲ್ಲಿ ಗೇರುಬೀಜ ಧಾರಾಳವಾಗಿತ್ತು. ಊಟ ಮುಗಿದು ಮಗಳನ್ನು ತೀರ್ಥಹಳ್ಳಿ ಹತ್ತಿರದ ಮೇಳಿಗೆಯಲ್ಲಿದ್ದ ಗಂಡನ ಮನೆಗೆ ಕಳಿಸುವ ಹೊತ್ತಾಯಿತು. ಹೂ ಕಟ್ಟಿದ ಕಾರು ಮನೆ ಮುಂದಿನ ಏರಿನಲ್ಲಿ ನಿಂತಿತ್ತು. ಮಗಳು ಅಳಿಯನ ಜೊತೆ ಹಿಂದೆ ಕೂತಳು, ಅಪ್ಪ ಮುಂದೆ ಕೂತು ಸ್ಟಾರ್ಟ್ ಮಾಡಿದರು.

ಕ್ಲಚ್ಚು ಬಿಟ್ಟರು. ಕಾರು ಒಮ್ಮೆ ನಡುಗಿ ನಿಂತುಹೋಯಿತು. ಮತ್ತೆ ಸ್ಟಾರ್ಟ್, ಮತ್ತೆ ನಡುಕ. ಮೂರನೇ ಸಲವೂ ಹಾಗೇ ಆದಾಗ ಅಜ್ಜಿಯೊಬ್ಬರು ಸೆರಗು ಬಾಯಿಗೆ ಹಿಡಿದು, "ಕಾರಿಗೂ ಹುಡುಗೀನ ಕಳ್ಸಕ್ಕೆ ಮನಸಿಲ್ಲ ಕಣೇ" ಎಂದರು. ಅದಕ್ಕೇ ಕಾದಿದ್ದಂತೆ ಹೆಂಗಸರೆಲ್ಲ ಅಳತೊಡಗಿದರು.

"ಎಂತ ಕ್ಲಚ್ ಕೂರ್ಸಿದೀಯ ಮಾರಾಯಾ?" ಎಂದು ಅಪ್ಪ ನನ್ನನ್ನು ಕೂಗಿದರು. ಇಡೀ ದಿಬ್ಬಣ ನನ್ನನ್ನೇ ನೋಡುತ್ತಿತ್ತು. ಓಡಿಹೋಗಿ ಕಿಟಕಿಯಲ್ಲಿ ಬಗ್ಗಿದರೆ ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಪಾಪ, ಎದುರಿನ ರಸ್ತೆಯೇ ಅವರಿಗೆ ಕಾಣುವಂತಿರಲಿಲ್ಲ. ಬೈಸಿಕೊಂಡರೂ ಸರಿ ಎಂದುಕೊಂಡು, "ನಂದೇ ತಪ್ಪು, ಸ್ವಲ್ಪ ಬಿಗಿ ಆಗಿದೆ" ಎಂದೆ, ಎಲ್ಲರಿಗೂ ಕೇಳುವಂತೆ.

ಆಗ ಹಿಂದಿನ ಸೀಟಿನಿಂದ ಮದುಮಗಳು ಬಿಕ್ಕುತ್ತಲೇ ಹೇಳಿದಳು:

"ಅಪ್ಪಯ್ಯಾ, ಮೊದ್ಲು ಹ್ಯಾಂಡ್ ಬ್ರೇಕ್ ಬಿಡಿ."